ಸೋಮವಾರದ ಪಟ್ಟಿ

ಬ್ರಿಟಾ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಹೊತ್ತಿಗೆ ಸರಿಯಾಗಿ ಕಚೇರಿಗೆ ಬರುತ್ತಾಳೆ, ಕಾಫಿ ಲೋಟ ತಾನೇ ತೊಳೆದಿಡುತ್ತಾಳೆ, ಯಾರ ಬೆನ್ನ ಹಿಂದೆಯೂ ಮಾತಾಡುವುದಿಲ್ಲ. ಇಂಥವಳ ಮೇಲೆ ಹೊಟ್ಟೆಕಿಚ್ಚು ಪಡಬೇಕಾದರೆ ಎಲ್ಲ ಕೆಲಸವನ್ನೂ ನಾವೇ ಮಾಡಿಕೊಳ್ಳಬೇಕು. ನಾನು ಮಾಡಿಕೊಂಡೆ.

ಹ್ಯಾನ್‌ಕಾಕ್‌ನಲ್ಲಿ ನಮ್ಮದು ಸೌನಾ, ಅಂದರೆ ಹಬೆಸ್ನಾನದ ಕೋಣೆಗೆ ಹಾಕುವ ಒಲೆಗಳ ಕಾರ್ಖಾನೆ. ಹನ್ನೊಂದು ಜನ ಇದ್ದೇವೆ. ಮಿಷಿಗನ್ನಿನ ಈ ತುದಿಯಲ್ಲಿ ಎಲ್ಲರ ಹಿತ್ತಲಲ್ಲೂ ಸೌನಾ ಇದೆ, ಒಲೆಯೂ ಇದೆ. ಹೊಸದಾಗಿ ಕೊಳ್ಳುವವರು ಬರುವುದು ದೂರದಿಂದ, ವೆಬ್‌ಸೈಟಿನ ಮೂಲಕ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಮಾಲೀಕ ವೆಸ್ ಏಲಕ್ಕಿ ಬ್ರೆಡ್ಡು ಕತ್ತರಿಸಿ ಹಂಚುತ್ತಾನೆ. ಬೆಸುಗೆಯವರು ಕೈಗವಸು ಕಳಚಿ ಕೂರುತ್ತಾರೆ. ನಾನು ನಿಂತು ಪಟ್ಟಿ ಓದುತ್ತೇನೆ: ಹಿಂದಿನ ವಾರ ಸೈಟಿಗೆ ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಯಾವ ಪುಟ ಹೆಚ್ಚು ನೋಡಿದರು. ಒಂಬತ್ತು ವರ್ಷದಿಂದ ಓದುತ್ತಿದ್ದೇನೆ. ವಾರದ ಉಳಿದ ದಿನ ನಾನು ಬಿಲ್ಲು ಬರೆಯುವ ಲೋರ್ನಾ. ಆ ಹತ್ತು ನಿಮಿಷ ಮಾತ್ರ ಎಲ್ಲರೂ ನನ್ನ ಬಾಯಿ ನೋಡುತ್ತಾರೆ.

ಕಳೆದ ವಸಂತದಲ್ಲಿ, ಸೈಟಿಗೆ ಬಂದವರನ್ನು ಎಣಿಸಲು ನಾವು ಬಳಸುತ್ತಿದ್ದ ಅನಾಲಿಟಿಕ್ಸ್ ಜುಲೈ ಒಂದಕ್ಕೆ ನಿಂತುಹೋಗುತ್ತದೆ, ಹೊಸದಕ್ಕೆ ಹೋಗಬೇಕು ಅಂತ ಪತ್ರ ಬಂತು. ಹಳೆಯದನ್ನು ಸೈಟಿಗೆ ಜೋಡಿಸಿದವಳು ನಾನು. ವೆಸ್ ಕರೆದದ್ದು ಕಚೇರಿಗೆ ಹೊಸದಾಗಿ ಸೇರಿದ ಬ್ರಿಟಾಳನ್ನು.

"ನಿಂಗ್ಯಾಕೆ ಲೋರ್ನಾ ಈ ತಲೆನೋವು? ಅವಳು ನೋಡ್ಕೋತಾಳೆ ಬಿಡು" ಅಂದ. ನನಗೆ ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡೇ ಅಂದ, ಪುಣ್ಯಾತ್ಮ.

ಪಟ್ಟಿ ಯಾರ ಕೈಯಲ್ಲಿದೆಯೋ ಸೋಮವಾರ ಅವರದು. ಅದು ನನಗೆ ಗೊತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಮುಗಿಯುತ್ತಾ ಬಂದಿತ್ತು.

ಇದಕ್ಕೂ ಮೊದಲೇ ಒಂದು ಉರಿ ಇತ್ತು. ನೀರು ಸುರಿದು ಹಬೆ ಎಬ್ಬಿಸುವ ಕಲ್ಲನ್ನು ಒಲೆಯ ಮೇಲೆ ಹೇಗೆ ಜೋಡಿಸಬೇಕು ಅಂತ ಬ್ರಿಟಾ ಸೈಟಿಗೆ ಒಂದು ಪುಟ ಬರೆದಿದ್ದಳು. ಎರಡೇ ವಾರದಲ್ಲಿ ಅದು ನನ್ನ ಪಟ್ಟಿಯ ತಲೆಯ ಮೇಲೆ ಕೂತಿತು. ಹೊಗೆಕೊಳವೆ ಶುಚಿ ಮಾಡುವ ಬಗ್ಗೆ ನಾನು ಏಳು ವರ್ಷದ ಹಿಂದೆ ಬರೆದ ಪುಟ ಎರಡನೆಯದಾಯಿತು. ಪ್ರತಿ ಸೋಮವಾರ ನನ್ನ ಬಾಯಿಂದಲೇ ಅವಳ ಹೆಸರನ್ನು ಮೊದಲು ಓದಬೇಕು! ಅದರಲ್ಲಿ ಅಂಥಾದ್ದೇನಿದೆ ಅಂತ ಮೊದಲ ದಿನದಿಂದಲೇ ಆ ಪುಟ ತೆಗೆದು ನೋಡುತ್ತಿದ್ದೆ. ತಪ್ಪು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ. ಮತ್ತೆ ತೆಗೆಯುತ್ತಿದ್ದೆ.

ಜೂನ್ ತಿಂಗಳು ಪೂರ್ತಿ ಹಳೆಯದು ಹೊಸದು ಎರಡೂ ಜೊತೆಗೇ ಓಡಿದವು. ಹೊಸದರಲ್ಲಿ ಒಂದೊಂದೇ ಪುಟದ ಲೆಕ್ಕ ಎಲ್ಲಿ ಸಿಗುತ್ತದೆ ಅಂತ ನನಗೆ ತಿಳಿಯಲಿಲ್ಲ, ಅವಳನ್ನು ಕೇಳಲು ಬಿಗುಮಾನ. ಮೊದಲ ಪರದೆಯಲ್ಲಿರುವ ಒಟ್ಟು ಸಂಖ್ಯೆ ಮಾತ್ರ ನೋಡಿದೆ. ಹೊಸದು ತಿಂಗಳಿಗೆ ಮುನ್ನೂರ ಹನ್ನೆರಡು ಕಡಿಮೆ ತೋರಿಸುತ್ತಿತ್ತು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ತಿಂಗಳ ಕೊನೆಯ ಸೋಮವಾರ ಎಲ್ಲರೆದುರು ಎರಡೂ ಕಾಗದ ಎತ್ತಿ ಹಿಡಿದೆ. "ಮುನ್ನೂರು ಗಿರಾಕಿಗಳು ಬಾಗಿಲಿಗೆ ಬಂದಿದಾರೆ, ಬ್ರಿಟಾಳ ಹೊಸ ಯಂತ್ರಕ್ಕೆ ಕಣ್ಣೇ ಕಾಣ್ಸಿಲ್ಲ."

"ಹೌದೇನಮ್ಮ?" ಅಂದ ವೆಸ್.

ಬ್ರಿಟಾ ಕೆಂಪಾದಳು. "ನೋಡಿ ಹೇಳ್ತೀನಿ."

"ನಾಳೆ ಹೇಳು. ಸರಿ ಇಲ್ದಿದ್ರೆ ಎಲ್ಲಾ ಲೋರ್ನಾಗೇ ಕೊಟ್ಬಿಡೋಣ."

ಅವತ್ತು ನಾನು ಎರಡು ತುಂಡು ಬ್ರೆಡ್ಡು ಹೆಚ್ಚಿಗೆ ತಿಂದೆ.

ಮಧ್ಯಾಹ್ನ ಅವಳು ನನ್ನ ಮೇಜಿನ ಹತ್ತಿರ ಬಂದು ಒಂದು ಹಾಳೆ ಇಟ್ಟಳು. ದನಿ ತಗ್ಗಿಸಿದಳು.

"ಲೋರ್ನಾ, ನಮ್ಮ ಕಟ್ಟಡದ ಒಳಗಿಂದ ನಾವೇ ನೋಡಿದ್ದನ್ನ ಎಣಿಸ್ಬೇಡ ಅಂತ ಹೊಸದಕ್ಕೆ ಹೇಳಿದೀನಿ. ಹಳೇದಕ್ಕೆ ಯಾರೂ ಹೇಳಿರ್ಲಿಲ್ಲ. ವ್ಯತ್ಯಾಸ ಅಷ್ಟೇ."

ಹೇಳದವಳು ನಾನೇ. ಹಾಗೆ ಹೇಳಬಹುದು ಅಂತಲೇ ಒಂಬತ್ತು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

"ಮುನ್ನೂರ ಹನ್ನೆರಡರಲ್ಲಿ ಇನ್ನೂರ ಎಂಬತ್ತು ಕಲ್ಲಿನ ಪುಟಾನೇ" ಅಂದಳು. "ಒಂದೇ ಕಂಪ್ಯೂಟರಿಂದ. ಪರದೆ ಅಳತೇನೂ ಲೆಕ್ಕದಲ್ಲಿ ಬರುತ್ತೆ, ಹಳೇ ಚೌಕ ಪರದೇದು."

ಕಚೇರಿಯಲ್ಲಿ ಚೌಕ ಪರದೆ ಇರುವುದು ನನ್ನೊಬ್ಬಳ ಮೇಜಿನ ಮೇಲೆ. ಅದರ ಎದುರಿಗೇ ಕೂತಿದ್ದೆ. ತಿಂಗಳಲ್ಲಿ ಇಪ್ಪತ್ತು ಕೆಲಸದ ದಿನ. ದಿನಕ್ಕೆ ಹದಿನಾಲ್ಕು ಸಲ.

"ಅದನ್ನ ಕಳೆದ್ರೆ ನನ್ನ ಪುಟ ಎರಡನೇದು" ಅಂದಳು ಅವಳು. "ಹೊಗೆಕೊಳವೆ ಪುಟಾನೇ ಮೊದಲು. ಹಿಂದಿನ ತಿಂಗಳುಗಳ್ದೂ ನೋಡ್ದೆ. ಯಾವತ್ತೂ ನಿಮ್ದೇ ಮೊದಲು."

ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಅವಳನ್ನು ಆ ಗದ್ದುಗೆಗೆ ಹತ್ತಿಸಿದ್ದು ದೂರದ ಗಿರಾಕಿಗಳಲ್ಲ, ನನ್ನ ಬೆರಳು.

"ನಾಳೆ ವೆಸ್‌ಗೆ ಏನು ಹೇಳ್ಲಿ?" ಅಂತ ಕೇಳಿದಳು. ನಾನು ಬಿಲ್ಲಿನ ಪುಸ್ತಕ ಎಳೆದುಕೊಂಡೆ.

ಮರುದಿನ ಬೆಳಗ್ಗೆ ವೆಸ್ ಎಲ್ಲರನ್ನೂ ಕರೆದ. ಬ್ರಿಟಾ ಎದ್ದು, ಹೊಸದರ ಲೆಕ್ಕ ಸರಿ ಇದೆ, ಹಳೆಯದು ನಮ್ಮವರನ್ನೂ ಸೇರಿಸಿ ಎಣಿಸುತ್ತಿತ್ತು, ಅಷ್ಟೇ ಅಂದಳು. ಚೌಕ ಪರದೆಯ ಸುದ್ದಿ ಎತ್ತಲಿಲ್ಲ. ಬೆಸುಗೆಯ ಆರ್ವೋ ಬಿಡಬೇಕಲ್ಲ:

"ಸೌನಾದಲ್ಲೇ ಹುಟ್ಟಿದ ಜನ ನಾವು. ನಮ್ಮಲ್ಲಿ ಯಾವನಪ್ಪಾ ಅವನು ಸೈಟ್ ನೋಡಿ ಕಲಿಯೋನು?"

ಬ್ರಿಟಾ ಹಾಳೆ ಮಡಿಸಿದಳು. ಅವಳು ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ ನಾನು ಜೀವನವಿಡೀ ಅವಳಿಗೆ ಋಣಿಯಾಗಿರಬೇಕಿತ್ತು. ಅದನ್ನು ಮಾತ್ರ ನಾನು ತಡೆಯಲಾರೆ.

"ನಾನು" ಅಂದೆ. "ದಿನಕ್ಕೆ ಹದಿನಾಲ್ಕು ಸಲ ನೋಡ್ತಿದ್ದೆ, ಕಲ್ಲಿನ ಪುಟ."

"ಯಾಕೆ?" ಅಂದ ವೆಸ್.

"ಹೊಟ್ಟೆಕಿಚ್ಚಿಗೆ."

ಆರ್ವೋ ಕಾಫಿ ಉಗುಳಿಬಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬ್ರಿಟಾ ಮಾತ್ರ ನಗಲಿಲ್ಲ. ವೆಸ್ ಕಣ್ಣೊರೆಸಿಕೊಂಡು, ಇನ್ನು ಮುಂದೆ ಪಟ್ಟಿ ನೀನೇ ಓದಮ್ಮ ಅಂತ ಅವಳಿಗೆ ಹೇಳಿದ. ಅವಳು ಕೈಯಲ್ಲಿದ್ದ ಹಾಳೆ ಬಿಡಿಸಿ ಅಲ್ಲೇ ಶುರು ಮಾಡಿದಳು.

"ಮೊದಲನೇ ಸ್ಥಾನ, ಹೊಗೆಕೊಳವೆ ಶುಚಿ ಮಾಡುವುದು. ಬರೆದವರು ಲೋರ್ನಾ."

ಆರ್ವೋ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು. ಒಂಬತ್ತು ವರ್ಷ ನಾನು ಓದಿದ್ದಕ್ಕೆ ಒಬ್ಬನೂ ತಟ್ಟಿರಲಿಲ್ಲ. ನನ್ನ ಹೆಸರನ್ನು ಅವಳು ನನಗಿಂತ ಚೆನ್ನಾಗಿ ಓದಿದಳು.