ಮದುವೆಯೆಂಬ ಮದ್ದು

ಮೆಲ್ಬರ್ನಿನ ಕ್ಲೇಟನ್ ಬಡಾವಣೆಯ ಆ ಮನೆಯಲ್ಲಿ ಶನಿವಾರವೆಂದರೆ ಬಿಸಿಬೇಳೆಬಾತು, ತುಂಬಾ ಜನ. ಮೂರ್ತಿಯವರು ಯೂನಿವರ್ಸಿಟಿಯಲ್ಲಿ ಪಾಠ ಹೇಳುವವರು. ಅವರ ಹೆಂಡತಿ ಜಯಲಕ್ಷ್ಮಿಯವರ ಕೈರುಚಿ ಊರಿನ ಕನ್ನಡಿಗರಿಗೆಲ್ಲ ಗೊತ್ತು. ಒಬ್ಬಳೇ ಮಗಳು ಪದ್ಮಿನಿ, ಡಾಕ್ಟರು. 1992ರ ಚಳಿಗಾಲದಲ್ಲಿ ಅವಳು ಅಪ್ಪ ಅಮ್ಮನನ್ನು ಕೂರಿಸಿಕೊಂಡು, ತಾನು ಪ್ರೀತಿಸುವುದು ಫಿಜಿಯಿಂದ ಬಂದ ನರ್ಸ್ ಶಾರದಾಳನ್ನು, ಗಂಡಸಿನ ಜೊತೆ ಬಾಳುವುದು ತನ್ನಿಂದಾಗದು ಎಂದು ಹೇಳಿದಳು.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. ಮರುದಿನದಿಂದ ದೇವರ ದೀಪ ಹಚ್ಚಲು ಅವಳನ್ನು ಬಿಡಲಿಲ್ಲ. ಮನೆಗೆ ಬೇಕಾದವರಾದ ಡಾಕ್ಟರ್ ತ್ರಿವಿಕ್ರಮ ತಲೆ ತಂಪಾಗಲೆಂದು ಮಾತ್ರೆ ಬರೆದುಕೊಟ್ಟರು. ಅಮ್ಮನ ಕಣ್ಣೀರಿಗೆ ಸೋತು ಪದ್ಮಿನಿ ನುಂಗಿದಳು. ಆ ಮಾತ್ರೆಯ ಮಂಪರಿನಲ್ಲಿ ಸೂಜಿ ಹಿಡಿಯಲಾಗದೆ ಆಸ್ಪತ್ರೆಗೆ ರಜೆ ಹಾಕಿದಳು. ಶಾರದಾ ಫೋನ್ ಮಾಡಿದರೆ ಅಮ್ಮ ರಾಂಗ್ ನಂಬರ್ ಅಂದು ಇಟ್ಟುಬಿಡುತ್ತಿದ್ದರು.

ಆಮೇಲೆ ಹುಡುಗನನ್ನು ಹುಡುಕಿದರು. ಹುಚ್ಚಿಗೂ ಕುಡಿತಕ್ಕೂ ನಮ್ಮವರಿಗೆ ಗೊತ್ತಿರುವ ಮದ್ದು ಮದುವೆಯೊಂದೇ. ಆ ಮದ್ದು ಅರೆಯುವುದು ಮಾತ್ರ ಯಾರದೋ ಮಕ್ಕಳ ಬಾಳನ್ನು ಹಾಕಿ. ಹುಡುಗ ಗಿರೀಶ ಮೈಸೂರಿನವನು, ಸಿಡ್ನಿಯಲ್ಲಿ ಓದುತ್ತಿದ್ದ. ಅವನಿಗೆ ಯಾರೂ ಏನೂ ಹೇಳಲಿಲ್ಲ.

"ಅವನಿಗೆ ಪಿಆರ್ ಸಿಗುತ್ತೆ, ಈ ದೇಶದಲ್ಲೇ ಉಳೀಬಹುದು, ಇವಳಿಗೆ ಗಂಡ ಸಿಗ್ತಾನೆ. ಇಬ್ಬರಿಗೂ ಒಳ್ಳೇದೇ ತಾನೆ?" ಎಂದರು ತ್ರಿವಿಕ್ರಮ.

ಗಿರೀಶ ಒಂದು ಸಂಜೆ ಫೋನ್ ಮಾಡಿ, ಸಂಕೋಚದಿಂದಲೇ, ಬಾಡಿಗೆ ಮನೆಗೆ ಯಾವ ಬಣ್ಣದ ಪರದೆ ಹಾಕಿಸಲಿ ಎಂದು ಕೇಳಿದ. ಅವನಿಗೆ ಯಾರೂ ಏನೂ ಹೇಳಿಲ್ಲವೆಂದು ಪದ್ಮಿನಿಗೆ ಆಗ ತಿಳಿಯಿತು. ಅಂದಿನಿಂದ ಮಾತ್ರೆಗಳು ಸಿಂಕಿನ ಪಾಲಾದವು.

ನಿಶ್ಚಿತಾರ್ಥದ ದಿನ ತಾಂಬೂಲ ಬದಲಾಯಿಸುವ ಮೊದಲೇ ಅವಳು ಎದ್ದು ನಿಂತಳು.

"ಗಿರೀಶ್, ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ. ನಾನು ಪ್ರೀತಿಸೋದು ಒಬ್ಬ ಹೆಂಗಸನ್ನ. ಅದು ಗೊತ್ತಿದ್ದೂ ಅಪ್ಪ ಅಮ್ಮ ನಿಮ್ಮನ್ನ ಕರೆಸಿದ್ದಾರೆ."

ಗಿರೀಶ ಮೂರ್ತಿಯವರ ಕಡೆ ತಿರುಗಿದ. "ನಿಮಗೆ ಗೊತ್ತಿತ್ತಾ, ಸಾರ್?"

ಮೂರ್ತಿಯವರು ತಾಂಬೂಲದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಮಕ್ಕಳಾದ್ರೆ ಎಲ್ಲ ಸರಿಹೋಗ್ತಿತ್ತು ಕಣೇ," ಎಂದರು ಜಯಲಕ್ಷ್ಮಿ. "ನಮ್ಮ ಮಾನ ಕಳೆದ್ಯಲ್ಲ."

"ಮಾನ ನಿಮ್ಮದು ಅಮ್ಮ. ಬಲಿ ಕೊಡೋಕೆ ಹೊರಟಿದ್ದು ನಮ್ಮಿಬ್ಬರನ್ನ."

ರೇಷ್ಮೆ ಸೀರೆಯಲ್ಲೇ ಟ್ರೇನು ಹತ್ತಿ ಊರಿನ ಇನ್ನೊಂದು ಕಡೆಯ ಬ್ರನ್ಸ್‌ವಿಕ್‌ಗೆ, ಶಾರದಾಳ ಮನೆಗೆ ಹೋದಳು. ಅಲ್ಲಿ ಶಾರದಾಳ ಜೊತೆ ಒಬ್ಬ ವಿಯೆಟ್ನಾಮಿನ ಹೆಂಗಸು, ಒಬ್ಬಳು ಲಂಕೆಯ ತಮಿಳಿನವಳು ಮನೆ ಮಾಡಿದ್ದರು. ತಮ್ಮಂಥ ಹೆಂಗಸರೇ ಸೇರುವ ಬಾರಿನಲ್ಲೂ ಬಿಳಿಯರು ಇವರನ್ನು ಕಸ ಗುಡಿಸಲು ಬಂದವರಾ ಎಂದು ಕೇಳಿದ ಮೇಲೆ, ಇವರೇ ಒಟ್ಟಾಗಿ ಒಲೆ ಹಚ್ಚಿದ್ದರು. ಯಾರೂ ಏನೂ ಕೇಳದೆ ಅವಳಿಗೊಂದು ತಟ್ಟೆ ಹಾಕಿದರು.

ಕನ್ನಡದ ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಮುಂದಿನ ಯುಗಾದಿಯ ದಿನ ಸಿಡ್ನಿಯಿಂದ ಗುರುತಿಲ್ಲದ ಹುಡುಗಿಯೊಬ್ಬಳು ಫೋನ್ ಮಾಡಿದಳು.

"ಅಕ್ಕಾ, ಇಲ್ಲಿ ಎಲ್ಲರೂ ನಿಮ್ಮನ್ನ ಬೈತಿದ್ದಾರೆ. ಅದಕ್ಕೇ ನಿಮ್ಮ ನಂಬರ್ ಹುಡುಕ್ದೆ. ನಾನೂ ನಿಮ್ಮ ಥರಾನೇ. ನನಗೂ ಗಂಡು ನೋಡಿದ್ದಾರೆ."

ಪದ್ಮಿನಿ ಅವಳ ವಿಳಾಸ ಕೇಳಿದಳು. ಸಿಡ್ನಿ ಹತ್ತು ಗಂಟೆಯ ದಾರಿ. ಪದ್ಮಿನಿ ಫೋನ್ ಇಡುವಷ್ಟರಲ್ಲಿ ಶಾರದಾ ಕಾರು ಹೊರಗೆ ತೆಗೆದಿದ್ದಳು.