ಒಂದಾದ ಮೇಲೆ ಹತ್ತು

ಒಂದು ಮನೆತನದ ಒಳಮಾತನ್ನು ಹೀಗೆ ಹೊರಗೆ ಹೇಳುವುದು ಸರಿಯಲ್ಲವೇನೋ. ಕಂಪ್ಯೂಟರಿನ ಭಾಗವನ್ನು ನೆಟ್ಟಗೆ ಹೇಳುತ್ತೇನೆಂಬ ಭರವಸೆಯೂ ಇಲ್ಲ. ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸವಾಯಿ ದ್ವೀಪದ ಆ ಮನೆತನದಲ್ಲಿ ಯಜಮಾನನ ಪಟ್ಟ ಖಾಲಿ ಬಿದ್ದಿತ್ತು. ವಂಶಾವಳಿ ಹೇಳುವಾಗ ಯಾವ ಕವಲು ಮೊದಲು ಬರುತ್ತದೋ ಪಟ್ಟ ಆ ಕವಲಿಗೆ. ಇಡೀ ವಂಶಾವಳಿ ಬಾಯಿಪಾಠವಿದ್ದುದು ಪೆಪೆ ಅಜ್ಜಿಗೊಬ್ಬಳಿಗೇ. ತೀರಿಕೊಳ್ಳುವ ಮೊದಲು ಅವಳು ಹೇಳಿದ್ದನ್ನು ಮೊಮ್ಮಗಳು ಫುವಾತಿನೊ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಅಜ್ಜಿ ದಣಿದಾಗಲೆಲ್ಲ ನಿಲ್ಲಿಸಿದ್ದರಿಂದ ಒಂದರಿಂದ ಹನ್ನೊಂದರವರೆಗೆ ಅಂಕಿ ಹೊತ್ತ ಹನ್ನೊಂದು ತುಣುಕುಗಳಾಗಿದ್ದವು. ಅವನ್ನು ಒಂದೇ ಫೈಲಾಗಿ ಜೋಡಿಸಿ ಕುಟುಂಬದ ಸಭೆಗೆ ಕೇಳಿಸಿದಳು.

ಕೇಳುತ್ತ ಕೇಳುತ್ತ, ಇನ್ನೊಂದು ಕವಲಿನ ದೊಡ್ಡಪ್ಪ ಲಾಫೈನ ಕೈಯಲ್ಲಿದ್ದ ಕೋಕೋ ಆರಿಹೋಯಿತು. ಮೂಲಪುರುಷನ ಹೆಸರಾದ ಕೂಡಲೇ ಬಂದದ್ದು ಫುವಾತಿನೊಳ ಅಪ್ಪನ ಕವಲು. ಲಾಫೈನ ಕವಲು ಆಮೇಲೆ. ಅವನು ಚಿಕ್ಕಂದಿನಿಂದ ಕೇಳಿದ್ದು ಹೀಗಿರಲಿಲ್ಲ. ಅವಳು ತಲೆ ತಗ್ಗಿಸಿ ಕೂತದ್ದು, ಅವಳಪ್ಪ ಚಾಪೆಯ ಮೇಲೆ ತುಸು ಮುಂದೆ ಸರಿದದ್ದು, ಎರಡೂ ಅವನ ಕಣ್ಣಿಗೆ ಬಿದ್ದವು. ಮರುದಿನ ಅವಳು ಪಾಠ ಹೇಳುವ ಶಾಲೆಗೇ ಹೋದ.

"ಏನ್ ಮಗಳೇ, ಜೋಡಿಸೋವಾಗ ನಿಮ್ಮಪ್ಪ ಪಕ್ಕದಲ್ಲೇ ಇದ್ನಾ?"

"ಯಾಕ್ ದೊಡ್ಡಪ್ಪ ಹಂಗಂತೀರಾ?"

"ಸತ್ತೋಳ ನಾಲಿಗೆ ತಿರುಚೋಕೆ ಒಂದೇ ಕೈ ಸಾಲ್ದಲ್ಲ, ಅದಕ್ಕೆ."

ಅವಳ ಮುಖ ಕಪ್ಪಿಟ್ಟಿತು. ಕಂಪ್ಯೂಟರಿನ ಕಪ್ಪು ಪರದೆ ತೆರೆದು ತಾನು ಮಾಡಿದ್ದನ್ನೇ ಮತ್ತೆ ಮಾಡಿ ತೋರಿಸಿದಳು. ಫೈಲುಗಳನ್ನು ಒಂದರ ಹಿಂದೊಂದು ಅಂಟಿಸುವ ಕ್ಯಾಟ್ ಎಂಬ ಆಜ್ಞೆ, ಎಲ್ಲ ಫೈಲುಗಳೂ ಎಂದು ಸೂಚಿಸುವ ಒಂದು ನಕ್ಷತ್ರ, ಕೊನೆಗೆ ಹೊಸ ಫೈಲಿನ ಹೆಸರು. ಇಷ್ಟೇ. ಯಂತ್ರ ಎತ್ತಿಕೊಂಡ ಕ್ರಮವನ್ನು ನೋಡಿ ಅವಳೇ ತಡವರಿಸಿದಳು: ಒಂದು, ಹತ್ತು, ಹನ್ನೊಂದು, ಆಮೇಲೆ ಎರಡು. ಅದು ಸಂಖ್ಯೆ ಎಣಿಸುವುದಿಲ್ಲ, ಮೊದಲ ಅಂಕಿ ನೋಡಿ ಸಾಲು ಹಚ್ಚುತ್ತದೆ ಎಂದಳು. ಅವಳಪ್ಪನ ಕವಲು ಇದ್ದದ್ದು ಹತ್ತನೆಯ ತುಣುಕಿನಲ್ಲಿ.

"ಲೆಕ್ಕ ತಪ್ಪೋದೂ ನಿಮ್ಮಪ್ಪನ ಕಡೆಗೇ ನೋಡು," ಎಂದ ಲಾಫೈ.

ಪಕ್ಕದಲ್ಲೇ ಕೂತು, ಒಂದು, ಎರಡು, ಮೂರು ಎಂದು ಒಂದೊಂದೇ ಫೈಲಿನ ಹೆಸರು ತಾನು ಹೇಳುತ್ತ, ಅವಳ ಕೈಲಿ ಬರೆಸಿ ಮತ್ತೆ ಜೋಡಿಸಲು ಹಚ್ಚಿದ. ಈ ಸಲ ಅವನ ಕವಲು ಮೊದಲು ಬಂತು. ಸಭೆ ಮತ್ತೆ ಸೇರಿ ಮತ್ತೆ ಕೇಳಿತು. ಮುಗಿದ ಮೇಲೆ ಫುವಾತಿನೊಳ ಅಪ್ಪ ಗಂಟಲು ಸರಿಮಾಡಿಕೊಂಡ.

"ಅಣ್ಣಾ, ಇದನ್ ಜೋಡಿಸೋವಾಗ ಪಕ್ಕದಲ್ಲಿ ಯಾರ್ ಕೂತಿದ್ರು?"

ತುಣುಕುಗಳಿಗೆ ಅಂಕಿ ಹಾಕಿದ್ದು ಯಾರೆಂದು ಹಿರಿಯರು ಕೇಳಿದರು. ನಾನೇ ಎಂದಳು ಫುವಾತಿನೊ. ಅಜ್ಜಿ ಹೇಳಿದ ಕ್ರಮದಲ್ಲೇ ಹಾಕಿದೆಯಾ ಎಂದರೆ ಹೌದೆಂದಳು, ಆದರೆ ಅಪ್ಪನ ಮುಖವನ್ನೊಮ್ಮೆ ನೋಡಿ. ಹಿರಿಯರು ಎರಡು ಫೈಲುಗಳನ್ನೂ ಬದಿಗಿಟ್ಟರು. ಪಟ್ಟ ಯಾರಿಗೂ ಹೋಗಲಿಲ್ಲ.

ಮೊದಲ ಸಲ ಜೋಡಿಸಿದಾಗ ಒಂದಾದ ಮೇಲೆ ಹತ್ತು ಬಂದದ್ದು ಫುವಾತಿನೊಳ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.