ಕೇಳದೆ ಸಿಕ್ಕ ರಜೆ

ಮದರಾಸಿನ ಎಗ್ಮೋರ್ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಜಲಜಾಕ್ಷಿ ಏಳು ವರ್ಷದಿಂದ ದೋಸೆ ಹಿಟ್ಟು ರುಬ್ಬುತ್ತಿದ್ದಳು. ಧಣಿ ರಘುರಾಮರಾಯರೂ ಅವಳಂತೆ ಉಡುಪಿಯ ಕಡೆಯವರೇ. ಐದು ತಿಂಗಳಿಗೊಮ್ಮೆ, ದಣಿದಿದ್ದೀ, ಹದಿನೈದು ದಿನ ಊರಲ್ಲಿ ಮಕ್ಕಳ ಜೊತೆ ಇದ್ದು ಬಾ ಎಂದು ತಾವಾಗಿಯೇ ಕಳಿಸುತ್ತಿದ್ದರು. ಇಂಥ ಧಣಿ ಯಾರಿಗುಂಟು ಎಂದು ಅವಳು ಊರೆಲ್ಲ ಹೊಗಳಿಕೊಂಡು ಬರುತ್ತಿದ್ದಳು. ರಾಯರ ಕರುಣೆ ಕ್ಯಾಲೆಂಡರ್ ನೋಡಿಕೊಂಡೇ ಬರುತ್ತದೆಂದು ಆ ಪಾಪದವಳಿಗೆ ಹೊಳೆದಿರಲಿಲ್ಲ.

೧೯೬೩ರಲ್ಲಿ ಹೋಟೆಲಿಗೆ ಕರೆಂಟಿನ ರುಬ್ಬುವ ಯಂತ್ರ ಬಂತು. ಜಲಜಾಕ್ಷಿಯ ಜೊತೆ ರುಬ್ಬುತ್ತಿದ್ದ ಅಕ್ಕು ಹೀಗೇ ಊರಿಗೆ ಹೋಗಿ ಬರುವಷ್ಟರಲ್ಲಿ ಅವಳ ಕೆಲಸ ಹೋಗಿತ್ತು. ಮರುವಾರ ರಾಯರು ಜಲಜಾಕ್ಷಿಗೂ ಊರಿಗೆ ಹೋಗಿ ಬಾ ಎಂದರು. ಗಂಡನಿಲ್ಲದ, ಎರಡು ಮಕ್ಕಳ ಆ ತಾಯಿ ಅಂದು ರಾತ್ರಿಯೇ ತಮ್ಮನನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದಳು.

ವೆಸ್ಟ್ ಮಾಂಬಲಂನಲ್ಲಿ ಅವಳ ಪಕ್ಕದ ಮನೆಯವರು ದಾವಣಗೆರೆಯ ಸರ್ವಮಂಗಳಾ ಟೀಚರ್. ಆರು ತಿಂಗಳು ಎಡೆಬಿಡದೆ ದುಡಿದವರನ್ನು ತಕ್ಕ ಕಾರಣವಿಲ್ಲದೆ, ತಿಂಗಳ ನೋಟೀಸು ಕೊಡದೆ ತೆಗೆಯುವಂತಿಲ್ಲ ಎಂದು ಅವರು ತಿಳಿಸಿದರು. ಐದಕ್ಕೇ ಊರಿಗೆ ಕಳಿಸಿ, ತಿರುಗಿ ಬಂದಾಗ ಹೊಸದಾಗಿ ಸೇರಿದಂತೆ ಲೆಕ್ಕ ಹಿಡಿದರೆ ಆರು ತುಂಬುವುದೆಲ್ಲಿಂದ ಬಂತು ಎಂದೂ ಕೇಳಿದರು.

"ನಮ್ಮೂರ ಧಣಿಗಳು ಹಾಗೆ ಮಾಡ್ಲಿಕ್ಕಿಲ್ಲ ಟೀಚರೇ. ನಾವು ಹೆಂಗಸರು, ಅದೂ ಪರವೂರಿನವರು. ನಮಗೆಲ್ಲ ಕಾಯ್ದೆ ಉಂಟಾ?"

"ಹೆಂಗಸಾ ಗಂಡಸಾ, ಯಾವೂರು ಅಂತ ಕಾಯ್ದೆ ಕೇಳಲ್ಲಮ್ಮ. ನಿನ್ನ ತಮ್ಮನ್ನೂ ಹೀಗೇ ಕಳಿಸ್ತಾರಾ, ಕೇಳು."

ತಮ್ಮ ಕೃಷ್ಣರಾಜ ಅದೇ ಹೋಟೆಲಿನಲ್ಲಿ ಸಪ್ಲೈಯರ್. ಸೇರಿದ ದಿನವೇ ಅವನ ಹೆಸರು ಹಾಜರಿ ಪುಸ್ತಕಕ್ಕೆ ಏರಿತ್ತು; ಅಕ್ಕನದು ಏಳು ವರ್ಷವಾದರೂ ಏರಿರಲಿಲ್ಲ. ಅಷ್ಟು ಹೊತ್ತೂ ಧಣಿಗಳ ಪರವಾಗಿ ವಾದಿಸುತ್ತಿದ್ದವನು ಈಗ ಅಕ್ಕನ ಕಡೆ ತಿರುಗಿದ.

"ನನ್ನ ಮದುವೆಗೆ ಕಾಲು ಹಿಡಿದು ಕೇಳಿದ್ರೂ ನಾಲ್ಕೇ ದಿನ ರಜೆ ಕೊಟ್ಟದ್ದು ಅಕ್ಕ," ಎಂದ. "ನಿನಗೆ ಕೇಳದೆಯೇ ಹದಿನೈದು."

ಜಲಜಾಕ್ಷಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮರುದಿನ ತಮ್ಮ, ಟೀಚರ್ ಇಬ್ಬರನ್ನೂ ಕರೆದುಕೊಂಡು ಹೋಗಿ ರಾಯರ ಮುಂದೆ ನಿಂತಳು.

"ಧಣಿಗಳೇ, ಈ ಸಲ ನಾನು ಊರಿಗೆ ಹೋಗುದಿಲ್ಲ. ಯಂತ್ರ ನಡೆಸ್ಲಿಕ್ಕೆ ನನಗೂ ಕಲಿಸಿ. ನನ್ನ ಹೆಸರೂ ಪುಸ್ತಕದಲ್ಲಿ ಬರೀರಿ."

ರಾಯರು ಕೆಮ್ಮಿದರು. ಹೆಂಗಸರ ಹೆಸರು ಬರೆಯುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ಹಾಗಾದರೆ ಕಾರ್ಮಿಕ ಇಲಾಖೆಯವರನ್ನೇ ಕೇಳೋಣ ಎಂದು ಟೀಚರ್ ಮೆಲ್ಲಗೆ ಹೇಳಿದ ಮೇಲೆ ಪುಸ್ತಕ ಬಂತು, ಹೆಸರೂ ಏರಿತು. ಅಕ್ಕುವಿನದನ್ನೂ ಬರೆಯಿರಿ ಎಂದು ಜಲಜಾಕ್ಷಿ ಕೇಳಿಕೊಂಡಳು. ಆದರೆ ಅಕ್ಕು ಆಗಲೇ ಗಂಟುಮೂಟೆ ಕಟ್ಟಿಕೊಂಡು ಊರಿನ ರೈಲು ಹತ್ತಿಯಾಗಿತ್ತು.

ಅಕ್ಕಂದಿರೇ, ಅಡಿಗೆಮನೆಯಲ್ಲಿ, ಕಟ್ಟಡದಲ್ಲಿ, ಎಲ್ಲೇ ದುಡಿಯಿರಿ, ಸೇರಿದ ದಿನ ನೆನಪಿಟ್ಟುಕೊಳ್ಳಿ. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿದೆಯೇ ನೋಡಿ. ಕೇಳದೆ ರಜೆ ಕೊಟ್ಟರೆ ಯಾಕೆಂದು ಕೇಳಿ. ತಿರುಗಿ ಬಂದ ಮೇಲಲ್ಲ, ಹೊರಡುವ ಮೊದಲೇ ಕೇಳಿ.